ನೀರು ಬಾರದಿದ್ದರೆ ಮುಂದೇನು?

ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದ್‌ನಲ್ಲಿ ಅಣೆಕಟ್ಟು ಬಿಟ್ಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ತಾಲ್ಲೂಕನ್ನು ಮುಟ್ಟುವ ಹೊತ್ತಿಗೆ ಇನ್ನೂರು ಕಿ.ಮೀ.ಗೂ ಹೆಚ್ಚು ದೂರ ಹರಿದಿರುತ್ತದೆ. 1990ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಿಂದ ಬಂದ ಪೀಟರ್ ಮೊಲಿಂಗಾ ಎಂಬ ಸಂಶೋಧಕರು ಈ ನಾಲೆಯ ಮೇಲೆ ಓಡಾಡಿದರು. ತೂಬುಗಳನ್ನು ನೋಡಿದರು, ರೈತರನ್ನೂ ಎಂಜಿನಿಯರುಗಳನ್ನೂ ಮಾತಾಡಿಸಿದರು. ಯಾವ ಹೊಲದಲ್ಲಿ ಯಾವ ಬೆಳೆ ಇಡಬೇಕು, ಯಾವ ಹಂಗಾಮಿನಲ್ಲಿ ನೀರು ಕೊಡಬೇಕು ಎಂಬುದೆಲ್ಲ ಸರ್ಕಾರದ ಕಾಗದದಲ್ಲಿ ಮೊದಲೇ ಬರೆದಿತ್ತು. ಹೆಚ್ಚು ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿಯಂಥ ಬೆಳೆಗಳನ್ನು ಬರದಿಂದ ಕಾಪಾಡುವುದು ಮೂಲ ಲೆಕ್ಕ. ಆದರೆ ಮೇಲ್ಭಾಗದಲ್ಲಿ ಭತ್ತ ಬಂತು. ಭತ್ತದ ಜೊತೆ ಅಕ್ರಮ ನೀರಾವರಿಯೂ ಬಂತು. ಕಾಗದದಲ್ಲಿದ್ದ ಹಂಚಿಕೆ ಒಂದು, ನಾಲೆಯಲ್ಲಿ ನಡೆಯುತ್ತಿದ್ದ ಹಂಚಿಕೆ ಇನ್ನೊಂದು. 1998ರ ಹೊತ್ತಿಗೆ ಡಾಕ್ಟರೇಟ್ ಪ್ರಬಂಧವಾದ ಮೊಲಿಂಗಾ ಅವರ ಅಧ್ಯಯನ ತೋರಿಸಿದ್ದು ಇದನ್ನೇ: ನೀರನ್ನು ಹಂಚುತ್ತಿದ್ದುದು ನಿಯಮಪುಸ್ತಕವಲ್ಲ, ರೈತರು, ಎಂಜಿನಿಯರುಗಳು ಮತ್ತು ರಾಜಕಾರಣಿಗಳ ನಡುವೆ ದಿನದಿನವೂ ನಡೆಯುವ ಚೌಕಾಸಿ.

ಅದೇ ವರ್ಷಗಳಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ, ಮೈಕೆಲ್ ಜಾರ್ಜೆಫ್ ಮತ್ತು ಆನಂದ್ ಎಸ್. ರಾವ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ದಾರಿಯಲ್ಲಿ ನಡೆದು ಇದೇ ಪ್ರಶ್ನೆಯ ಎದುರು ನಿಂತಿದ್ದರು. ತನ್ನಷ್ಟಕ್ಕೆ ತಾನೇ ಕೆಲಸ ಮಾಡುವ ಒಂದು ಕಂಪ್ಯೂಟರ್ ವ್ಯವಸ್ಥೆಗೆ, ಅಂದರೆ ಒಂದು ಬುದ್ಧಿವಂತ ಏಜೆಂಟ್‌ಗೆ, ಯೋಜನೆಯನ್ನು ಬರೆದುಕೊಡುವುದು ಹೇಗೆ? ಬರೆದುಕೊಟ್ಟ ಮೇಲೆ ಲೋಕ ಬದಲಾದರೆ ಅದು ಏನು ಮಾಡಬೇಕು? ಮೇಲಿಂದ ಬರಬೇಕಾದ ನೀರು ಬರಲಿಲ್ಲ ಎಂದಾಗ ಮಾನ್ವಿಯ ರೈತ ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ಈ ಹುಡುಕಾಟ ಶುರುವಾದದ್ದು ಕ್ಯಾಲಿಫೋರ್ನಿಯಾದ ಒಂದು ರೋಬೋದಿಂದ. 1966ರಿಂದ 1972ರವರೆಗೆ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ‘ಶೇಕಿ’ ಎಂಬ ಗಾಲಿಯ ಯಂತ್ರವೊಂದು ಕೋಣೆಯಿಂದ ಕೋಣೆಗೆ ಹೋಗಿ ಪೆಟ್ಟಿಗೆಗಳನ್ನು ತಳ್ಳುತ್ತಿತ್ತು. ಅದಕ್ಕಾಗಿ ರಿಚರ್ಡ್ ಫೈಕ್ಸ್ ಮತ್ತು ನಿಲ್ಸ್ ನಿಲ್ಸನ್ 1971ರಲ್ಲಿ ‘ಸ್ಟ್ರಿಪ್ಸ್’ ಎಂಬ ಪದ್ಧತಿಯನ್ನು ಪ್ರಕಟಿಸಿದರು. ಪ್ರತಿಯೊಂದು ಕೆಲಸವನ್ನೂ ಅದರಲ್ಲಿ ಮೂರು ಭಾಗ ಮಾಡಿ ಬರೆಯಬೇಕು: ಕೆಲಸಕ್ಕೆ ಮೊದಲು ಏನು ನಿಜವಾಗಿರಬೇಕು, ಕೆಲಸ ಮುಗಿದ ಮೇಲೆ ಹೊಸದಾಗಿ ಏನು ನಿಜವಾಗುತ್ತದೆ, ಮೊದಲು ನಿಜವಾಗಿದ್ದದ್ದರಲ್ಲಿ ಏನು ಸುಳ್ಳಾಗುತ್ತದೆ. ಗೇಟ್ ಎತ್ತುವುದನ್ನು ಹೀಗೆ ಬರೆಯಬಹುದು. ಗೇಟ್ ಮುಚ್ಚಿರಬೇಕು, ಮೇಲೆ ನೀರಿರಬೇಕು. ಎತ್ತಿದ ಮೇಲೆ ಕೆಳಗೆ ನೀರು ಇದೆ ಎಂಬುದು ನಿಜ, ಗೇಟ್ ಮುಚ್ಚಿದೆ ಎಂಬುದು ಸುಳ್ಳು. ಇಂಥ ತುಂಡುಗಳನ್ನು ಒಂದರ ಹಿಂದೊಂದು ಜೋಡಿಸಿ ಗುರಿ ಮುಟ್ಟುವ ದಾರಿಯನ್ನು ಯಂತ್ರವೇ ಹುಡುಕುತ್ತಿತ್ತು. ಅರ್ಧ ಶತಮಾನದ ನಂತರವೂ ಯೋಜನಾ ಸಂಶೋಧನೆ ಈ ಮೂರು ಭಾಗಗಳ ಮೇಲೆಯೇ ನಿಂತಿದೆ. 1998ರಲ್ಲಿ ಡ್ರೂ ಮೆಕ್‌ಡರ್ಮಟ್ ಮತ್ತು ಸಂಗಡಿಗರು ಯೋಜನಾ ತಂತ್ರಾಂಶಗಳ ಸ್ಪರ್ಧೆಗಾಗಿ ರೂಪಿಸಿದ ‘ಪಿಡಿಡಿಎಲ್’ ಭಾಷೆಯ ತಳದಲ್ಲೂ ಅವೇ ಇವೆ.

ಸ್ಟ್ರಿಪ್ಸ್‌ನ ಒಳಗೆ ಒಂದು ದೊಡ್ಡ ಊಹೆ ಅಡಗಿತ್ತು. ಯಂತ್ರ ಮುಟ್ಟದ ಹೊರತು ಲೋಕದಲ್ಲಿ ಏನೂ ಬದಲಾಗುವುದಿಲ್ಲ ಎಂಬುದೇ ಆ ಊಹೆ. ಶೇಕಿಯ ಖಾಲಿ ಕೋಣೆಗಳಲ್ಲಿ ಅದು ನಡೆಯಿತು. ನಾಲೆಯಲ್ಲಿ ನಡೆಯುವುದಿಲ್ಲ. ಮೇಲಿನ ಊರಿನಲ್ಲಿ ಯಾರೋ ರಾತ್ರಿ ಪಂಪ್‌ಸೆಟ್ ಇಳಿಸುತ್ತಾರೆ, ನಡುವೆ ಮಳೆ ಬೀಳುತ್ತದೆ, ಏರಿ ಒಡೆಯುತ್ತದೆ.

ಈ ಊಹೆಯನ್ನು ಬಿಟ್ಟು ಹೊರಟವರಲ್ಲಿ ಜಾರ್ಜೆಫ್ ಮುಖ್ಯರು. 1987ರಲ್ಲಿ ಅವರೂ ಎಮಿ ಲ್ಯಾನ್ಸ್ಕಿಯೂ ‘ಪಿಆರ್‌ಎಸ್’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಅಮೆರಿಕದ ಬಾಹ್ಯಾಕಾಶ ನೌಕೆ ಷಟ್ಲ್‌ನ ದಿಕ್ಕು ತಿದ್ದುವ ಸಣ್ಣ ಎಂಜಿನ್‌ಗಳಲ್ಲಿ ದೋಷ ಬಂದಾಗ ಗಗನಯಾತ್ರಿಗಳು ಅನುಸರಿಸಬೇಕಾದ ಕ್ರಮಗಳ ಕೈಪಿಡಿ ಇತ್ತು. ಒತ್ತಡ ಇಳಿದರೆ ಯಾವ ಕವಾಟ ಮುಚ್ಚಬೇಕು, ಮುಚ್ಚಿದರೂ ಇಳಿಯುತ್ತಿದ್ದರೆ ಮುಂದೆ ಯಾವುದನ್ನು ನೋಡಬೇಕು ಎಂಬಂಥ ಕ್ರಮಗಳು. ಆ ಕೈಪಿಡಿಯಂತೆಯೇ ಪಿಆರ್‌ಎಸ್‌ನಲ್ಲೂ ಯೋಜನೆಯನ್ನು ಪ್ರತಿಸಲ ಮೊದಲಿಂದ ಹುಡುಕುವುದಿಲ್ಲ. ಅನುಭವಸ್ಥರು ಮೊದಲೇ ಬರೆದಿಟ್ಟ ಕ್ರಮಗಳ ಭಂಡಾರ ಇರುತ್ತದೆ. ಈಗಿನ ಸ್ಥಿತಿಗೆ ಯಾವುದು ಹೊಂದುತ್ತದೋ ಅದನ್ನು ಎತ್ತಿಕೊಂಡು ನಡೆಸುತ್ತಲೇ ಸುತ್ತ ಏನಾಗುತ್ತಿದೆ ಎಂಬುದನ್ನೂ ಏಜೆಂಟ್ ಗಮನಿಸುತ್ತಿರುತ್ತದೆ. ಹಿಡಿದ ಕ್ರಮ ಕೈಕೊಟ್ಟರೆ ಇನ್ನೊಂದನ್ನು ಹಿಡಿಯುತ್ತದೆ.

ಇದಕ್ಕೆ ತತ್ವಶಾಸ್ತ್ರದ ಆಸರೆಯೂ ಸಿಕ್ಕಿತು. ಅದೇ 1987ರಲ್ಲಿ ಮೈಕೆಲ್ ಬ್ರಾಟ್‌ಮನ್ ಎಂಬ ತತ್ವಜ್ಞಾನಿ ಮನುಷ್ಯರ ಸಂಕಲ್ಪದ ಬಗ್ಗೆ ಪುಸ್ತಕ ಬರೆದಿದ್ದರು. ಮನುಷ್ಯನಿಗೆ ಲೋಕದ ಬಗ್ಗೆ ಕೆಲವು ನಂಬಿಕೆಗಳಿರುತ್ತವೆ, ಹಲವು ಬಯಕೆಗಳಿರುತ್ತವೆ. ಆದರೆ ಬಯಸಿದ್ದನ್ನೆಲ್ಲ ಅವನು ಮಾಡಹೊರಡುವುದಿಲ್ಲ. ಕೆಲವನ್ನು ಆರಿಸಿಕೊಂಡು ಸಂಕಲ್ಪ ಮಾಡುತ್ತಾನೆ, ಒಮ್ಮೆ ಸಂಕಲ್ಪಿಸಿದ್ದನ್ನು ಗಳಿಗೆಗೊಮ್ಮೆ ಕೆದಕುವುದಿಲ್ಲ. ನಂಬಿಕೆ, ಬಯಕೆ, ಸಂಕಲ್ಪ ಎಂಬ ಈ ಮೂರರ ಮೇಲೆ 1991ರಲ್ಲಿ ರಾವ್ ಮತ್ತು ಜಾರ್ಜೆಫ್ ಒಂದು ತರ್ಕವನ್ನೇ ಕಟ್ಟಿದರು.

ಅವರ ತರ್ಕದಲ್ಲಿ ಸಂಕಲ್ಪಕ್ಕೆ ಅಂಟಿಕೊಳ್ಳುವ ರೀತಿಗಳು ಮೂರು. ಗುರಿ ಮುಟ್ಟಿತು ಎಂದು ನಂಬುವವರೆಗೂ ಕಣ್ಣುಮುಚ್ಚಿ ಹಿಡಿದುಕೊಳ್ಳುವುದು ಒಂದು. ಮುಟ್ಟಿತು ಎಂದೋ ಮುಟ್ಟುವುದು ಅಸಾಧ್ಯ ಎಂದೋ ತಿಳಿದಾಗ ಬಿಡುವುದು ಇನ್ನೊಂದು. ಆ ಗುರಿಯೇ ಈಗ ಬೇಡವಾಗಿದೆ ಎಂದಾಗಲೂ ಬಿಡಲು ಒಪ್ಪುವುದು ಮೂರನೆಯದು. ಅದೇ ವರ್ಷ ಡೇವಿಡ್ ಕಿನ್ನಿ ಮತ್ತು ಜಾರ್ಜೆಫ್ ಒಂದು ಕೃತಕ ಲೋಕದಲ್ಲಿ ಇದನ್ನು ಪ್ರಯೋಗಿಸಿಯೂ ನೋಡಿದರು. ಲೋಕ ನಿಧಾನವಾಗಿ ಬದಲಾಗುವಾಗ ಹಿಡಿದ ಯೋಜನೆಯನ್ನು ಬಿಡದ ಧೈರ್ಯಶಾಲಿ ಏಜೆಂಟ್ ಗೆದ್ದಿತು. ಲೋಕ ಬೇಗಬೇಗ ಬದಲಾಗುವಾಗ ಮತ್ತೆಮತ್ತೆ ನಿಂತು ಯೋಚಿಸುವ ಎಚ್ಚರದ ಏಜೆಂಟ್ ಮುಂದೆ ಬಂತು. ಭತ್ತ ನಾಟಿ ಮಾಡಲೋ ಜೋಳಕ್ಕೆ ಹೋಗಲೋ ಎಂದು ಮುನಿರಾಬಾದ್‌ನ ನೀರಾವರಿ ಸಲಹಾ ಸಮಿತಿ ಸಭೆಯ ತೀರ್ಮಾನಕ್ಕೆ ಕಾಯುವ ಕೆಳಭಾಗದ ರೈತ ಈ ಫಲಿತಾಂಶವನ್ನು ಯಾರೂ ವಿವರಿಸದೆಯೇ ಅರ್ಥಮಾಡಿಕೊಳ್ಳಬಲ್ಲ.

ಮೆಲ್ಬರ್ನ್ ಗುಂಪು ಇದನ್ನು ಸಿಡ್ನಿ ವಿಮಾನ ನಿಲ್ದಾಣಕ್ಕೆ ಒಯ್ದಿತು. ‘ಓಯಸಿಸ್’ ಎಂಬ ಅವರ ವ್ಯವಸ್ಥೆಯಲ್ಲಿ ಇಳಿಯಲು ಬರುತ್ತಿರುವ ಪ್ರತಿ ವಿಮಾನಕ್ಕೂ ಒಂದೊಂದು ಏಜೆಂಟ್. ಗಾಳಿಯ ಲೆಕ್ಕಕ್ಕೆ ಒಂದು, ಸರದಿ ನಿಗದಿಗೆ ಇನ್ನೊಂದು. 1995ರ ಹೊತ್ತಿಗೆ ಅದು ನಿಜವಾದ ರೇಡಾರ್ ಮಾಹಿತಿ ಪಡೆದು ನಿಯಂತ್ರಕರ ಕೆಲಸದ ಪಕ್ಕದಲ್ಲೇ ಪರೀಕ್ಷೆಗೆ ನಿಂತಿತ್ತು. ಮರುವರ್ಷ, 1996ರಲ್ಲಿ, ಆನಂದ್ ರಾವ್ ಈ ಎಲ್ಲ ಅನುಭವವನ್ನು ಒಂದು ಪುಟ್ಟ ಭಾಷೆಗೆ ಇಳಿಸಿದರು. ಅದೇ ‘ಏಜೆಂಟ್‌ಸ್ಪೀಕ್’.

ಆ ಭಾಷೆಯನ್ನು ವಿವರಿಸಲು ರಾವ್ ಆರಿಸಿಕೊಂಡ ಉದಾಹರಣೆ ಕಸ ಎತ್ತುವ ಒಂದು ರೋಬೋದ್ದು. ರಸ್ತೆಯಲ್ಲಿ ಲೇನ್‌ಗಳಿವೆ, ಕಾರುಗಳು ಓಡುತ್ತಿವೆ, ಎಲ್ಲೋ ಒಂದು ಲೇನ್‌ನಲ್ಲಿ ಕಸ ಬೀಳುತ್ತದೆ. ಪ್ರತಿಯೊಂದು ಯೋಜನೆಗೂ ಮೂರು ಅಂಗ: ಯಾವುದು ಕಂಡರೆ ಎಚ್ಚರಾಗಬೇಕು, ಯಾವ ಸಂದರ್ಭದಲ್ಲಿ ಇದು ಅನ್ವಯಿಸುತ್ತದೆ, ಆಗ ಏನೇನು ಮಾಡಬೇಕು. ಕಸ ಕಂಡಿತು, ರೋಬೋ ಅದೇ ಲೇನ್‌ನಲ್ಲಿದೆ, ಹಾಗಾದರೆ ಎತ್ತು, ಬುಟ್ಟಿ ಇರುವ ಲೇನ್‌ಗೆ ಹೋಗು, ಹಾಕು. ‘ಹೋಗು’ ಎಂಬುದು ತಾನೇ ಇನ್ನೊಂದು ಗುರಿ. ಅದಕ್ಕೆ ಬೇರೆ ಯೋಜನೆ ಉಂಟು: ಪಕ್ಕದ ಲೇನ್‌ನಲ್ಲಿ ಕಾರು ಇಲ್ಲದಿದ್ದರೆ ಮಾತ್ರ ಅಲ್ಲಿಗೆ ಸರಿ. ಅಷ್ಟೇ. ಮುಂದೆ ರಫೇಲ್ ಬೊರ್ಡಿನಿ ಮತ್ತು ಜೋಮಿ ಹ್ಯೂಬ್ನರ್ ಇದನ್ನು ‘ಜೇಸನ್’ ಎಂಬ ಉಪಕರಣವಾಗಿ ಬೆಳೆಸಿದರು. 2007ರಲ್ಲಿ ಅದರ ಬಗ್ಗೆ ಪುಸ್ತಕವೂ ಬಂತು, ಇವತ್ತಿಗೂ ವಿಶ್ವವಿದ್ಯಾಲಯಗಳಲ್ಲಿ ಕಲಿಸಲಾಗುತ್ತಿದೆ.

ಇದೇ ಅಚ್ಚಿನಲ್ಲಿ ಮಾನ್ವಿಯ ನೀರನ್ನು ಬರೆದು ನೋಡಬಹುದು. ಎಡದಂಡೆ ನಾಲೆಯ ಕೆಳಭಾಗದವರ ಹೋರಾಟಗಳಲ್ಲಿ ಮತ್ತೆಮತ್ತೆ ಕೇಳುವ ಬೇಡಿಕೆ ನಾಲೆಯ ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಕಾಯ್ದುಕೊಳ್ಳಿ ಎಂಬುದು. ಇನ್ನೂ ಕೆಳಗಿನವರದು ಮೈಲ್ 104ರ ಗೇಜ್. ಮೈಲ್ 69ರಲ್ಲಿ ಗೇಜ್ ಇಳಿದದ್ದು ಕಂಡಿತು. ಮೇಲ್ಭಾಗದ ಸರದಿ ಮುಗಿದಿದೆ, ಕೆಳಗೆ ಹತ್ತಿ ಕಾಯಿ ಕಟ್ಟುವ ಹಂತದಲ್ಲಿದೆ. ಹಾಗಾದರೆ ಮೇಲಿನ ವಿತರಣಾ ಕಾಲುವೆಯ ಗೇಟ್ ಇಳಿಸು, ಗೇಜ್ ಏರುವವರೆಗೆ ಕಾಯು, ಏರಿದ ಮೇಲೆ ಕೆಳಗಿನ ಗೇಟ್ ಎತ್ತು. ಇದರ ಪಕ್ಕದಲ್ಲೇ ಇನ್ನೊಂದು ಯೋಜನೆ ಬೇಕು. ರಾಯಚೂರು ನಗರದ ಕುಡಿಯುವ ನೀರಿಗೆ ಈ ನಾಲೆಯೂ ಗಣೇಕಲ್ ಜಲಾಶಯದ ಮೂಲಕ ಒಂದು ಆಸರೆ. ಅಲ್ಲಿ ಸಂಗ್ರಹ ಕುಗ್ಗಿದ್ದರೆ ಮೊದಲ ಪಾಲು ಅದಕ್ಕೆ. ಎರಡು ಯೋಜನೆಗಳೂ ಒಟ್ಟಿಗೆ ಅನ್ವಯಿಸಿದಾಗ ಯಾವುದು ಮುಂದೆ ಎಂಬುದನ್ನೂ ಬರೆದಿಡಬೇಕು. ಹೀಗೆ ಬರೆಯಲು ಕೂತ ಕೂಡಲೇ ಮೊಲಿಂಗಾ ಕಂಡ ಚೌಕಾಸಿಯೆಲ್ಲ ಬೆಳಕಿಗೆ ಬರುತ್ತದೆ. ಸಂದರ್ಭ ಎಂಬ ಜಾಗದಲ್ಲಿ ಏನು ಬರೆಯಬೇಕು ಎಂಬುದೇ ಅಸಲಿ ಜಗಳ. ಏಜೆಂಟ್ ಭಾಷೆಗಳ ದೊಡ್ಡ ಗುಣ ಇಲ್ಲಿದೆ: ಜಗಳ ಎಲ್ಲಿದೆಯೋ ಆ ಜಾಗವನ್ನು ಅವು ಖಾಲಿ ಬಿಡಲು ಬಿಡುವುದಿಲ್ಲ.

ಮಾನ್ವಿ ಭಾಗಕ್ಕೆ ಇಂಥ ಬರಹ ಹೊಸದೇನಲ್ಲ. ತುಂಗಭದ್ರೆಗೆ ಅಡ್ಡಲಾಗಿ ಇಲ್ಲಿ ಕಟ್ಟಿರುವ ರಾಜೋಳಿಬಂಡಾ ತಿರುವು ಅಣೆಯ ನೀರನ್ನು ಬಚಾವತ್ ನ್ಯಾಯಮಂಡಳಿ ಅಂಕಿಯಲ್ಲೇ ಕತ್ತರಿಸಿಟ್ಟಿದೆ. ಒಟ್ಟು 17.1 ಟಿಎಂಸಿ, ಅದರಲ್ಲಿ ಕರ್ನಾಟಕಕ್ಕೆ 1.2, ಉಳಿದ 15.9 ಈಗಿನ ತೆಲಂಗಾಣದ ಆಲಂಪುರ, ಗದ್ವಾಲ ಕಡೆಗೆ. ಅಂಕಿ ಸ್ಪಷ್ಟವಾಗಿದೆ. ನದಿಯಲ್ಲಿ ಅಷ್ಟು ನೀರು ಇಲ್ಲದ ವರ್ಷ ಏನು ಮಾಡಬೇಕು ಎಂಬಲ್ಲೇ ಅಣೆಯ ತೂಬುಗಳ ಸುತ್ತ ದಶಕಗಳ ತಕರಾರು ಬೆಳೆದದ್ದು.

ಕ್ರಮವನ್ನು ಯಂತ್ರಕ್ಕೆ ನಿಯಮವಾಗಿ ಬರೆದುಕೊಡುವ ಈ ವಿದ್ಯೆ ರಾಯಚೂರಿನ ನೆಲದಲ್ಲಿ ನಿಜವಾಗಿ ಕಾಲಿಟ್ಟದ್ದು ನೀರಿನ ಮೂಲಕ ಅಲ್ಲ, ಹುಳುವಿನ ಮೂಲಕ.

ಅದಕ್ಕೂ ಒಂದು ಪೂರ್ವಕಥೆ ಇದೆ, ಅದೂ ಹತ್ತಿಯದೇ. 1980ರ ದಶಕದ ನಡುವೆ ಅಮೆರಿಕದ ಕೃಷಿ ಇಲಾಖೆಯ ಹ್ಯಾಲ್ ಲೆಮನ್ ‘ಕೋಮ್ಯಾಕ್ಸ್’ ಎಂಬ ಪರಿಣತ ವ್ಯವಸ್ಥೆಯನ್ನು ರಚಿಸಿದರು. ಹತ್ತಿ ಗಿಡದ ಬೆಳವಣಿಗೆಯನ್ನು ಲೆಕ್ಕಹಾಕುವ ‘ಗಾಸಿಮ್’ ಎಂಬ ಮಾದರಿಗೆ ಹವಾಮಾನದ ಮಾಹಿತಿ ಉಣಿಸುತ್ತ, ಇವತ್ತು ನೀರು ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ ಎಂದು ಅದು ಹಂಗಾಮಿನುದ್ದಕ್ಕೂ ಪರೀಕ್ಷಿಸುತ್ತಿತ್ತು. ನೀರು, ಗೊಬ್ಬರ, ಎಲೆ ಉದುರಿಸುವ ಔಷಧ ಇವುಗಳ ದಿನವನ್ನು ಸೂಚಿಸುತ್ತಿತ್ತು. 1986ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ವಿವರ ಬಂತು. ಹೊಲದ ಕೆಲಸವನ್ನು ನಿಯಮಗಳ ಭಾಷೆಯಲ್ಲಿ ಬರೆಯಬಹುದು ಎಂಬುದಕ್ಕೆ ಅದು ಮೊದಮೊದಲ ಸಾಕ್ಷಿಗಳಲ್ಲಿ ಒಂದು.

ರಾಯಚೂರು ಕೃಷಿ ವಿಶ್ವವಿದ್ಯಾಲಯ ಧಾರವಾಡದಿಂದ ಬೇರೆಯಾಗಿ ನಿಂತದ್ದು 2009ರ ಸುಮಾರಿಗೆ. ಕೆಲವೇ ವರ್ಷಗಳಲ್ಲಿ ಅದರ ವಿಜ್ಞಾನಿಗಳು ಬೆಂಗಳೂರಿನ ತೇನೆ ಅಗ್ರಿಕಲ್ಚರಲ್ ಸೊಲ್ಯೂಷನ್ಸ್ ಜೊತೆ ಸೇರಿ ‘ಇ-ಸ್ಯಾಪ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಕೃಷಿ ಇಲಾಖೆಯ ಸಿಬ್ಬಂದಿ ಕೈಯಲ್ಲಿ ಹಿಡಿದು ಹೊಲಕ್ಕೆ ಹೋಗಬಹುದಾದ ಸಾಧನ, ಕನ್ನಡದಲ್ಲಿ. ಕೀಟ, ರೋಗ, ಪೋಷಕಾಂಶದ ಕೊರತೆ, ಕಳೆ ಇವೆಲ್ಲವನ್ನೂ ಚಿತ್ರ ಮತ್ತು ಪ್ರಶ್ನೆಗಳ ಮೂಲಕ ಗುರುತಿಸುತ್ತ ಹೋಗಿ, ಹಾನಿಯ ಮಟ್ಟಕ್ಕೆ ತಕ್ಕ ಪರಿಹಾರಕ್ಕೆ ಕರೆದೊಯ್ಯುತ್ತದೆ. ಹೊಲದಲ್ಲಿ ದಾಖಲಾದದ್ದು ವಿಶ್ವವಿದ್ಯಾಲಯಕ್ಕೂ ಇಲಾಖೆಗೂ ತಲುಪುವುದರಿಂದ ಯಾವ ಹುಳು ಎಲ್ಲಿ ಏಳುತ್ತಿದೆ ಎಂಬ ನಕ್ಷೆಯೂ ಸಿಗುತ್ತದೆ. ಅನುಭವಸ್ಥ ಕೀಟತಜ್ಞನ ತಲೆಯಲ್ಲಿದ್ದ ಕ್ರಮವನ್ನು ಹೀಗೆ ಬಿಡಿಸಿ ಬರೆದದ್ದು ದೂರದ ಯಾವುದೋ ಪ್ರಯೋಗಾಲಯದಲ್ಲಿ ಕೂತವರ ಕೆಲಸವಲ್ಲ. ಹತ್ತಿ, ತೊಗರಿ, ಭತ್ತದ ನಡುವೆ ನಿಂತವರದು. ಈ ಭಾಗದ ಬಗ್ಗೆ ‘ಹಿಂದುಳಿದ’ ಎಂಬ ಪದವನ್ನು ಯೋಚಿಸದೆ ಬಳಸುವವರು ಗಮನಿಸಬೇಕಾದ ಸಂಗತಿ ಇದು.

ಗುಲಾಬಿ ಕಾಯಿಕೊರಕದ ವಿಷಯ ತೆಗೆದುಕೊಂಡರೆ ನಿಯಮದ ಬೆಲೆ ತಿಳಿಯುತ್ತದೆ. ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ, ಎರಡು ವಂಶವಾಹಿಗಳ ಬಿಜಿ-2 ಬಂದದ್ದು 2006ರಲ್ಲಿ. 2015ರ ಆಚೀಚೆ ಈ ಹುಳು ಬಿಜಿ-2ಕ್ಕೂ ಬಗ್ಗದೆ ರಾಯಚೂರು ಸೀಮೆಯ ಹತ್ತಿಯಲ್ಲಿ ಮತ್ತೆ ಕಾಣಿಸಿತು. ಒಂದು ಮೋಹಕ ಬಲೆಗೆ ರಾತ್ರಿಗೆ ಎಂಟು ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ, ಇಲ್ಲವೇ ನೂರರಲ್ಲಿ ಹತ್ತು ಕಾಯಿಗಳಲ್ಲಿ ಹಾನಿ ಕಂಡರೆ ಮಾತ್ರ ಸಿಂಪಡಿಸಬೇಕು ಎಂಬುದು ತಜ್ಞರ ಮಿತಿ. ಎಚ್ಚರಿಸುವ ಘಟನೆ, ಅನ್ವಯಿಸುವ ಸಂದರ್ಭ, ಮಾಡಬೇಕಾದ ಕೆಲಸ: ರಾವ್ ಬರೆದ ಮೂರು ಅಂಗಗಳೂ ಇಲ್ಲಿ ಇವೆ. ನಡುವಿನ ಅಂಗವನ್ನು ಬಿಟ್ಟು ಹುಳು ಕಂಡ ಕೂಡಲೇ ಔಷಧ ಹೊಡೆದರೆ ಸಾಲ ಏರುತ್ತದೆ, ಮಿತ್ರಕೀಟಗಳು ಸಾಯುತ್ತವೆ.

ಪಕ್ಕದ ಕರ್ನೂಲು ಜಿಲ್ಲೆಯ ದೇವನಕೊಂಡದಲ್ಲಿ 2016ರಲ್ಲಿ ಇಕ್ರಿಸ್ಯಾಟ್ ಮತ್ತು ಮೈಕ್ರೋಸಾಫ್ಟ್ ಬೇರೆ ಹಾದಿ ಹಿಡಿದವು. ಹಿಂದಿನ ಮೂವತ್ತು ವರ್ಷಗಳ ಹವಾಮಾನದ ಮಾಹಿತಿಯಿಂದ ಶೇಂಗಾ ಬಿತ್ತನೆಯ ದಿನವನ್ನು ಲೆಕ್ಕಹಾಕಿ 175 ರೈತರಿಗೆ ತೆಲುಗಿನಲ್ಲಿ ಎಸ್‌ಎಂಎಸ್ ಕಳಿಸಲಾಯಿತು. ಇಲ್ಲಿ ನಿಯಮವನ್ನು ಯಾರೂ ಕೂತು ಬರೆಯಲಿಲ್ಲ, ಮಾಹಿತಿಯೇ ಮಾತಾಡಿತು. ಮರುವರ್ಷ ಈ ಪ್ರಯೋಗ ಕರ್ನಾಟಕಕ್ಕೂ ಹಬ್ಬಿತು, ರಾಜ್ಯದ ಕೃಷಿ ಬೆಲೆ ಆಯೋಗವೂ ತೊಗರಿ ಬೆಲೆಯ ಮುನ್ಸೂಚನೆಗೆ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿತು.

ಮೆಲ್ಬರ್ನ್ ಮತ್ತೊಮ್ಮೆ ಈ ಕಥೆಯೊಳಗೆ ಬರುವುದು ಕೃಷ್ಣೆಯ ದಂಡೆಯಲ್ಲಿ. ನಾರಾಯಣಪುರದ ಬಸವಸಾಗರದಿಂದ ಬಲದಂಡೆ ನಾಲೆ ಲಿಂಗಸುಗೂರು, ದೇವದುರ್ಗದ ಕಡೆ ಹರಿಯುತ್ತದೆ. ಎಡದಂಡೆ ನಾಲೆ ಹೊಳೆಯಾಚೆ ಸುರಪುರ, ಶಹಾಪುರದ ಕಡೆ. ಆ ಎಡದಂಡೆಯಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ 2010ರ ದಶಕದ ಕೊನೆಯ ವರ್ಷಗಳಲ್ಲಿ ಸ್ವಯಂಚಾಲಿತ ಗೇಟ್‌ಗಳನ್ನು ಕೂರಿಸಿತು. ಮೆಲ್ಬರ್ನ್‌ನ ರೂಬಿಕಾನ್ ವಾಟರ್ ಮತ್ತು ಹೈದರಾಬಾದ್‌ನ ಮೇಧಾ ಸೇರಿ ಮಾಡಿದ ಕೆಲಸ ಅದು. ಗೇಟ್‌ಗಳ ಸಂಖ್ಯೆ ಸಾವಿರಗಳಲ್ಲಿದೆ. ಸೌರಶಕ್ತಿಯಲ್ಲಿ ನಡೆಯುವ ಇಂಥ ಗೇಟ್ ತನ್ನ ಮುಂದಿನ ನೀರಿನ ಮಟ್ಟವನ್ನು ತಾನೇ ಅಳೆಯುತ್ತದೆ, ಎಷ್ಟು ಹರಿಸುತ್ತಿದ್ದೇನೆ ಎಂಬುದನ್ನು ರೇಡಿಯೋದಲ್ಲಿ ತಿಳಿಸುತ್ತದೆ, ಕೆಳಗಿನ ಬೇಡಿಕೆಗೆ ತಕ್ಕಂತೆ ಮೇಲಿನದು ತೆರೆದುಕೊಳ್ಳುತ್ತದೆ. ಈ ತಂತ್ರ ಬೆಳೆದದ್ದು ರೂಬಿಕಾನ್ ಮತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದ ನಿಯಂತ್ರಣ ವಿಜ್ಞಾನಿಗಳ ಜಂಟಿ ಸಂಶೋಧನೆಯಿಂದ.

ಇದನ್ನು ಏಜೆಂಟ್ ಭಾಷೆಯ ನೇರ ಸಂತಾನ ಎನ್ನಲಾಗದು. ಇದರ ಹಿಂದಿರುವುದು ನಿಯಂತ್ರಣ ಗಣಿತ. ನಂಬಿಕೆ, ಸಂಕಲ್ಪಗಳ ತರ್ಕವಲ್ಲ. ಮಟ್ಟ ಕಾಯುವುದರಲ್ಲಿ ಆ ಗಣಿತಕ್ಕೆ ಸಾಟಿಯಿಲ್ಲ. ಆದರೆ ಇಡೀ ನಾಲೆಗೇ ನೀರು ಸಾಲದ ದಿನ ಯಾರ ಗೇಟ್ ಮೊದಲು ಮುಚ್ಚಬೇಕು ಎಂಬುದು ಮಟ್ಟದ ಪ್ರಶ್ನೆಯಲ್ಲ. ಅಲ್ಲಿ ಯಾರಾದರೂ ಒಂದು ನಿಯಮವನ್ನು ಬರೆಯಲೇಬೇಕು, ಬರೆದದ್ದನ್ನು ಇನ್ನೊಬ್ಬರು ಓದಿ ತಕರಾರು ಮಾಡುವಂತಿರಬೇಕು.

2022ರ ನಂತರ ಏಜೆಂಟ್ ಎಂಬ ಮಾತು ದೊಡ್ಡ ಭಾಷಾ ಮಾದರಿಗಳ ಜೊತೆ ಮನೆಮಾತಾಗಿದೆ. ಆ ವರ್ಷ ಶುನ್ಯು ಯಾವೊ ಮತ್ತು ಸಂಗಡಿಗರ ‘ರಿಯಾಕ್ಟ್’ ಪ್ರಬಂಧ, ಮಾದರಿಯೊಂದು ಯೋಚಿಸುತ್ತ, ಕೆಲಸ ಮಾಡುತ್ತ, ಫಲ ನೋಡಿ ಮತ್ತೆ ಯೋಚಿಸುವ ಕ್ರಮವನ್ನು ತೋರಿಸಿತು. ಈಗ ಯೋಜನೆಯನ್ನು ಸಾದಾ ಮಾತಿನಲ್ಲೇ ಹೇಳಬಹುದು, ಕನ್ನಡದಲ್ಲೂ ಹೇಳಬಹುದು. ಇದು ಸಣ್ಣ ಗಳಿಕೆಯಲ್ಲ. ಆದರೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸುಬ್ಬರಾವ್ ಕಂಭಂಪಾಟಿ ಅವರ ತಂಡ 2023ರಲ್ಲಿ ಜಿಪಿಟಿ-4ಕ್ಕೆ ಯೋಜನಾ ಸಮಸ್ಯೆಗಳನ್ನು ಕೊಟ್ಟು ನೋಡಿದಾಗ, ಯಾರ ನೆರವೂ ಇಲ್ಲದೆ ಅದು ಕೊಟ್ಟ ಯೋಜನೆಗಳಲ್ಲಿ ಸರಾಸರಿ ಶೇ 12ರಷ್ಟು ಮಾತ್ರ ನಿಜಕ್ಕೂ ನಡೆಸಬಹುದಾದವಾಗಿದ್ದವು. ಮಾದರಿಗಳು ಅಲ್ಲಿಂದ ಸಾಕಷ್ಟು ಮುಂದೆ ಬಂದಿವೆ. ಆದರೂ ಆ ತಂಡ ಸೂಚಿಸಿದ ದಾರಿ ಗಟ್ಟಿಯಾಗಿದೆ: ಮಾದರಿ ಯೋಜನೆಯನ್ನು ಸೂಚಿಸಲಿ, ಪಿಡಿಡಿಎಲ್‌ನಂಥ ಭಾಷೆಯಲ್ಲಿ ಬರೆದ ನಿಯಮಗಳ ಎದುರು ಬೇರೊಂದು ತಂತ್ರಾಂಶ ಅದನ್ನು ಒರೆಗೆ ಹಚ್ಚಲಿ, ತಪ್ಪಿದ್ದರೆ ಹಿಂದಕ್ಕೆ ಕಳಿಸಲಿ.

ಈ ಒರೆಗಲ್ಲಿನ ನಿಯಮಗಳನ್ನು ಬರೆಯಬಲ್ಲವರು ರಾಯಚೂರಿನಲ್ಲೇ ಇದ್ದಾರೆ. 2019ರಲ್ಲಿ ಶುರುವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ, ಐಐಐಟಿ ರಾಯಚೂರು, ಕಂಪ್ಯೂಟರ್ ವಿಜ್ಞಾನವನ್ನೂ ಕೃತಕ ಬುದ್ಧಿಮತ್ತೆಯನ್ನೂ ಕಲಿಸುತ್ತಿದೆ. ಅದೇ ಊರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟತಜ್ಞರೂ ನೀರಾವರಿ ಎಂಜಿನಿಯರಿಂಗ್ ಕಲಿಸುವವರೂ ಇದ್ದಾರೆ. ಮೈಲ್ 69ರಲ್ಲಿ ಎಷ್ಟು ಗೇಜ್ ಇರಬೇಕು, ಇಳಿದರೆ ಎಷ್ಟು ಗಂಟೆಯೊಳಗೆ ಯಾವ ಗೇಟ್ ಇಳಿಯಬೇಕು, ಗಣೇಕಲ್‌ಗೆ ಯಾವಾಗ ಮೊದಲ ಪಾಲು ಎಂಬುದನ್ನು ಇವರೆಲ್ಲ ಕೂತು ಯಂತ್ರಕ್ಕೂ ಅರ್ಥವಾಗುವ, ಮಾನ್ವಿ ಮತ್ತು ಸಿರವಾರದ ರೈತಸಂಘದವರೂ ಓದಬಲ್ಲ ಕನ್ನಡದಲ್ಲಿ ಬರೆದರೆ, ಮುಂದಿನ ಸಲಹಾ ಸಮಿತಿ ಸಭೆಯಲ್ಲಿ ಅದನ್ನು ಮೇಜಿನ ಮೇಲಿಟ್ಟು ಸಾಲುಸಾಲಾಗಿ ಚರ್ಚಿಸಬಹುದು.